ಕರ್ನಲ್ ಗಡಿಯಲ್ಲಿ ಕನ್ನಡದ ಅಕ್ಷರ

(ನಾರಾಯಣಪೇಟೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ಕನ್ನಡದ ದತ್ತಿ ಉಪನ್ಯಾಸಕ್ಕೆ ವಚನ, ದಾಸ ಸಾಹಿತ್ಯ, ಶಾಸನ ಅಥವಾ ಗಡಿನಾಡಿನ ಇತಿಹಾಸವನ್ನು ಆರಿಸಿಕೊಳ್ಳುವುದು ರೂಢಿ. ಕಂಪ್ಯೂಟರಿನ ಒಡಲೊಳಗೆ ನಡೆಯುವ ಒಂದು ಕೆಲಸದ ಬಗ್ಗೆ ಮಾತಾಡುತ್ತೇನೆ ಎಂದಾಗ ಈ ದತ್ತಿ ಇಟ್ಟ ಹಿರಿಯರ ಮನೆಯವರು ಮರುಮಾತಿಲ್ಲದೆ ಒಪ್ಪಿದರು. 

ಆ ಕೆಲಸ ಇಷ್ಟೇ: ಒಂದು ಪ್ರೋಗ್ರಾಮಿನ ಮೆಮೊರಿಯಲ್ಲಿರುವ ಬೈಟುಗಳನ್ನು ಕರ್ನಲ್‌ನ, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳಿನ, ಮೆಮೊರಿಗೆ ನಕಲು ಮಾಡುವುದು, ಕರ್ನಲ್‌ನಲ್ಲಿರುವುದನ್ನು ಪ್ರೋಗ್ರಾಮಿಗೆ ನಕಲು ಮಾಡುವುದು. ಲಿನಕ್ಸ್‌ನಲ್ಲಿ ಇದಕ್ಕೆಂದೇ ಇರುವ ಎರಡು ಫಂಕ್ಷನ್‌ಗಳ ಹೆಸರು ಕಾಪಿ-ಫ್ರಮ್-ಯೂಸರ್ ಮತ್ತು ಕಾಪಿ-ಟು-ಯೂಸರ್. ನಿಮ್ಮ ಜೇಬಿನ ಆಂಡ್ರಾಯ್ಡ್ ಫೋನಿನಲ್ಲಿ ಓಡುವುದೂ ಲಿನಕ್ಸ್ ಕರ್ನಲ್ಲೇ. ನೀವು ಒಂದು ಸಂದೇಶ ಕಳಿಸಿದರೆ, ಒಂದು ಫೋಟೋ ತೆಗೆದರೆ, ಅಂಗಡಿಯಲ್ಲಿ ಹಣ ಕೊಟ್ಟರೆ ಈ ನಕಲು ಮತ್ತೆ ಮತ್ತೆ ನಡೆಯುತ್ತದೆ.

ಇದನ್ನು ಈ ಊರಿನಲ್ಲಿ ಹೇಳಲು ಕಾರಣವಿದೆ. ಗದ್ವಾಲ ಮತ್ತು ಆಲಂಪುರ ತಾಲೂಕುಗಳು ಹೈದರಾಬಾದ್ ರಾಜ್ಯದ ಕಾಲದಲ್ಲಿ ರಾಯಚೂರು ಜಿಲ್ಲೆಗೆ ಸೇರಿದ್ದವು. 1956ರ ನವೆಂಬರ್ 1ರಂದು ಅವು ಮಹಬೂಬ್‌ನಗರ ಜಿಲ್ಲೆಯ ಪಾಲಾಗಿ ಆಂಧ್ರಪ್ರದೇಶಕ್ಕೆ ಹೋದವು. 2014ರ ಜೂನ್ 2ರಂದು ಈ ಭಾಗ ತೆಲಂಗಾಣ ರಾಜ್ಯದ್ದಾಯಿತು. 2016ರಲ್ಲಿ ಜೋಗುಳಾಂಬ ಗದ್ವಾಲ, 2019ರ ಫೆಬ್ರವರಿಯಲ್ಲಿ ನಾರಾಯಣಪೇಟೆ ಪ್ರತ್ಯೇಕ ಜಿಲ್ಲೆಗಳಾದವು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಬ್ಯಾಂಕಿನಲ್ಲಿ ಇಂಗ್ಲಿಷು. ನಮ್ಮ ಕಡೆಯ ಮಗುವೊಂದು ಕನ್ನಡ ಮಾಧ್ಯಮದ ಶಾಲೆಯಲ್ಲಿ ತನ್ನ ಹೆಸರು ಬರೆಯಲು ಕಲಿತರೂ ಅರ್ಜಿಯ ಮೇಲೆ ಅದೇ ಹೆಸರು ಇನ್ನೊಂದು ಲಿಪಿಯಲ್ಲಿ ಬರುತ್ತದೆ. ಹಾಗಿದ್ದರೆ ಕಂಪ್ಯೂಟರಿನ ತಳದಲ್ಲಿ, ಎಲ್ಲ ಅಧಿಕಾರವನ್ನೂ ಇಟ್ಟುಕೊಂಡಿರುವ ಕರ್ನಲ್‌ಗೆ, ಆಡಳಿತ ಭಾಷೆ ಅನ್ನುವುದು ಇದೆಯೇ? ಅಲ್ಲಿ ಕನ್ನಡದ ಅಕ್ಷರಕ್ಕೆ ಏನಾಗುತ್ತದೆ? ಇವತ್ತಿನ ಮಾತು ಈ ಪ್ರಶ್ನೆಯ ಮೇಲೆ.

ಒಂದು ಅಕ್ಷರದ ಜೊತೆಗೇ ಹೋಗಿ ನೋಡೋಣ. ಲಿನಕ್ಸ್ ಕಂಪ್ಯೂಟರಿನ ಮುಂದೆ ಕೂತು ‘ಕ’ ಬರೆಯಬೇಕು. ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲಿ ಕೆ ಎಂಬ ಇಂಗ್ಲಿಷ್ ಕೀಲಿ ಒತ್ತಿದರೆ ‘ಕ’. ಕೆ. ಪಿ. ರಾವ್ ಅವರು ರೂಪಿಸಿದ, ನುಡಿ ತಂತ್ರಾಂಶ ಬಳಸುವವರಿಗೆಲ್ಲ ಕೈಗೆ ಕೂತಿರುವ ವಿನ್ಯಾಸದಲ್ಲೂ ಅದೇ ಕೀಲಿ. ಬೆರಳು ಒತ್ತಿದಾಗ ಕರ್ನಲ್‌ಗೆ ತಿಳಿಯುವುದು 37ನೇ ಕೀಲಿ ಒತ್ತಲಾಗಿದೆ ಎಂಬುದಷ್ಟೇ. ಅದನ್ನು ಕರ್ನಲ್ ಒಂದು ಸಣ್ಣ ದಾಖಲೆಯಾಗಿ ಬರೆಯುತ್ತದೆ. 64 ಬಿಟ್ ಯಂತ್ರದಲ್ಲಿ ಈ ದಾಖಲೆ 24 ಬೈಟು: ಸಮಯಕ್ಕೆ 16, ಘಟನೆಯ ಬಗೆಗೆ 2, ಕೀಲಿಯ ಸಂಖ್ಯೆಗೆ 2, ಒತ್ತಿದ್ದೋ ಬಿಟ್ಟದ್ದೋ ಎನ್ನುವುದಕ್ಕೆ 4. ಪರದೆಯನ್ನು ನೋಡಿಕೊಳ್ಳುವ ಪ್ರೋಗ್ರಾಮು ಓದಲು ಕೇಳಿದಾಗ ಈ 24 ಬೈಟುಗಳನ್ನು ಕಾಪಿ-ಟು-ಯೂಸರ್ ಅದರ ಮೆಮೊರಿಗೆ ನಕಲು ಮಾಡುತ್ತದೆ. ಇಲ್ಲಿಯವರೆಗೆ ಕನ್ನಡವೂ ಇಲ್ಲ, ತೆಲುಗೂ ಇಲ್ಲ.

ಕನ್ನಡ ಹುಟ್ಟುವುದು ಈ ನಕಲು ಮುಗಿದ ಮೇಲೆ. ಯೂಸರ್ ಸ್ಪೇಸ್‌ನಲ್ಲಿ, ಅಂದರೆ ಕರ್ನಲ್‌ನ ಹೊರಗೆ ಪ್ರೋಗ್ರಾಮುಗಳು ಓಡುವ ಕಡೆ, ಇರುವ ಕೀಲಿಮಣೆಯ ಕೋಷ್ಟಕವು 37ನ್ನು ನೋಡಿ, ಇದು ಯೂನಿಕೋಡ್‌ನ 3221, ಅಂದರೆ ‘ಕ’ ಎಂದು ತೀರ್ಮಾನಿಸುತ್ತದೆ. ಪಠ್ಯ ಸಂಪಾದಕ ಅದನ್ನು ಯುಟಿಎಫ್-8 ಪದ್ಧತಿಯಲ್ಲಿ ಮೂರು ಬೈಟುಗಳಾಗಿ ಇಡುತ್ತದೆ: 224, 178, 149. ನೀವು ಕಡತವನ್ನು ಉಳಿಸಿದಾಗ ಸಂಪಾದಕ ಕರ್ನಲ್ಲನ್ನು ಕರೆಯುತ್ತದೆ. ಈ ವಿಳಾಸದಿಂದ ಇಷ್ಟು ಬೈಟು ಬರೆ ಎನ್ನುತ್ತದೆ. ಆಗ ಕಾಪಿ-ಫ್ರಮ್-ಯೂಸರ್ ಬಗೆಯ ನಕಲು ನಡೆದು ಆ ಮೂರು ಬೈಟು ಕರ್ನಲ್‌ನೊಳಗೆ ಬರುತ್ತವೆ, ಮುಂದೆ ಡಿಸ್ಕಿಗೆ ಹೋಗುತ್ತವೆ. ಯಾವ ಭಾಷೆ ಎಂದು ಕರ್ನಲ್ ಕೇಳುವುದಿಲ್ಲ. ಎಷ್ಟು ಬೈಟು, ಯಾವ ವಿಳಾಸ, ಆ ವಿಳಾಸ ನಿನ್ನದೇ ಹೌದೋ ಎಂಬ ಮೂರನ್ನೇ ಕೇಳುತ್ತದೆ.

ತೆಲುಗಿನ ‘ಕ’ ಅಕ್ಷರದ ಬೈಟುಗಳು 224, 176, 149. ಎರಡೂ ಭಾಷೆಗಳಿಗೆ ಯೂನಿಕೋಡ್‌ನಲ್ಲಿ ಅಕ್ಕಪಕ್ಕದ 128 ಸ್ಥಾನಗಳ ಎರಡು ಕಂತೆ ಸಿಕ್ಕಿವೆ. ಮೊದಲು ತೆಲುಗು, ಅದರ ಬೆನ್ನಿಗೇ ಕನ್ನಡ. ಆದ್ದರಿಂದ ಎರಡರಲ್ಲೂ ಸಮನಾಗಿ ಇರುವ ಅಕ್ಷರಗಳ ನಡುವೆ ಸದಾ 128ರ ಅಂತರ, ಬೈಟುಗಳಲ್ಲಿ ನೋಡಿದರೆ ನಡುವಿನ ಬೈಟಿನಲ್ಲಿ ಎರಡರ ವ್ಯತ್ಯಾಸ. ಈ ಜಿಲ್ಲೆಯಲ್ಲಿ ಬದುಕುವವರಿಗೆ ಈ ಲೆಕ್ಕ ಖುಷಿ ಕೊಡಬೇಕು. ನನಗಂತೂ ಕೊಟ್ಟಿದೆ.

ಇನ್ನು ನಕಲು ಏಕೆ ಬೇಕು? ಪ್ರೋಗ್ರಾಮು ವಿಳಾಸ ಕೊಟ್ಟಿದೆಯಲ್ಲ, ಕರ್ನಲ್ ನೇರವಾಗಿ ಅಲ್ಲಿಯೇ ಓದಬಾರದೇ? ಬಾರದು, ಏಕೆಂದರೆ ಆ ವಿಳಾಸವನ್ನು ನಂಬುವಂತಿಲ್ಲ. ಎಕ್ಸ್86ರ 64 ಬಿಟ್ ಯಂತ್ರಗಳಲ್ಲಿ ಸಾಮಾನ್ಯವಾಗಿ ಕೆಳಗಿನ 128 ಟೆರಾಬೈಟ್ ವಿಳಾಸಗಳು ಪ್ರೋಗ್ರಾಮಿನ ಪಾಲು. ಕರ್ನಲ್ ಇರುವುದು ತುತ್ತತುದಿಯ ವಿಳಾಸಗಳಲ್ಲಿ. ಕೆಟ್ಟ ಪ್ರೋಗ್ರಾಮು ಕರ್ನಲ್‌ನದೇ ವಿಳಾಸವನ್ನು ಕೊಟ್ಟು, ಇಲ್ಲಿಂದ ಓದಿ ಕಡತಕ್ಕೆ ಬರೆ ಎನ್ನಬಹುದು. ಕರ್ನಲ್ ಕಣ್ಣುಮುಚ್ಚಿ ಪಾಲಿಸಿದರೆ ತನ್ನ ಗುಟ್ಟನ್ನೆಲ್ಲ ತಾನೇ ಬರೆದುಕೊಟ್ಟಂತೆ. ಇನ್ನೊಂದು ಪ್ರೋಗ್ರಾಮು ಇಲ್ಲಿಗೆ ಬರೆ ಎಂದು ಕರ್ನಲ್‌ನ ವಿಳಾಸ ಕೊಟ್ಟರೆ ಯಂತ್ರದ ಪೂರ್ತಿ ಅಧಿಕಾರವೇ ಅದರ ಕೈಗೆ ಹೋಗಬಹುದು. ವಿಳಾಸ ಸರಿಯಿದ್ದರೂ ಅಲ್ಲಿಯ ಪೇಜು, ಅಂದರೆ ಮೆಮೊರಿಯ ಆ ತುಂಡು, ಆ ಹೊತ್ತಿಗೆ ಮೆಮೊರಿಯಲ್ಲಿ ಇಲ್ಲದಿರಬಹುದು, ಡಿಸ್ಕಿನಿಂದ ತರಬೇಕಾಗಬಹುದು. ಪೇಜೂ ಇದೆ ಅನ್ನಿ. ಕರ್ನಲ್ ಪರೀಕ್ಷೆ ಮಾಡಿ ಸರಿ ಎಂದ ಮರುಕ್ಷಣವೇ ಅದೇ ಪ್ರೋಗ್ರಾಮಿನಲ್ಲಿ ಜೊತೆಜೊತೆಗೇ ಓಡುವ ಇನ್ನೊಂದು ಎಳೆ, ಅಂದರೆ ಥ್ರೆಡ್ಡು, ಅಲ್ಲಿರುವ ಬೆಲೆಯನ್ನು ಬದಲಾಯಿಸಬಹುದು. ಒಮ್ಮೆ ಓದಿ ಪರೀಕ್ಷಿಸಿ, ಬಳಸುವಾಗ ಮತ್ತೊಮ್ಮೆ ಓದುವ ಕರ್ನಲ್ ಈ ಬಲೆಗೆ ಬೀಳುತ್ತದೆ. 2013ರಲ್ಲಿ ಮಾತೆಯುಷ್ ಯುರ್ಚಿಕ್ ಮತ್ತು ಗಿನ್ವೇಲ್ ಕೋಲ್ಡ್‌ವಿಂಡ್ ಎಂಬ ಇಬ್ಬರು ಸಂಶೋಧಕರು ವಿಂಡೋಸ್ ಕರ್ನಲ್‌ನಲ್ಲಿ ಇಂಥ ತಪ್ಪುಗಳನ್ನು ಸಾಲುಸಾಲಾಗಿ ಹುಡುಕಿ ತೋರಿಸಿದರು. ಹೀಗಾಗಿ ನಿಯಮ ಒಂದೇ: ಒಮ್ಮೆ ನಕಲು ಮಾಡಿಕೊ, ಆಮೇಲೆ ಪರೀಕ್ಷೆಯೂ ಬಳಕೆಯೂ ನಿನ್ನ ಪ್ರತಿಯ ಮೇಲೆಯೇ ನಡೆಯಲಿ.

ಗದ್ವಾಲದ ಸೀರೆ ಇಲ್ಲಿ ನೆನಪಾಗುತ್ತದೆ. ಒಡಲು ಹತ್ತಿ, ಅಂಚು ಮತ್ತು ಸೆರಗು ರೇಷ್ಮೆ. ಎರಡೂ ಬೇರೆ ನೂಲು, ಬೇರೆ ಬಿಗಿ, ಬೇರೆ ಲಾಳಿ. ಕುಪ್ಪಡಂ ಪದ್ಧತಿಯಲ್ಲಿ ಒಡಲಿನ ಹೊಕ್ಕೂ ಅಂಚಿನ ಹೊಕ್ಕೂ ಸಂಧಿಸುವಲ್ಲಿ ಸಾಲುಸಾಲಿಗೂ ಒಂದಕ್ಕೊಂದು ಕೊಂಡಿ ಹಾಕಿಕೊಂಡು ಹಿಂದಿರುಗುತ್ತವೆ. ಸೀರೆಯ ಗುಣ ನೋಡುವವರು ಒಡಲನ್ನು ಸವರಿ ಬಿಡುವುದಿಲ್ಲ, ಈ ಕೂಡುಗೆರೆಯನ್ನು ಬೆಳಕಿಗೆ ಹಿಡಿಯುತ್ತಾರೆ. ಒಂದು ಸಾಲು ಕೊಂಡಿ ತಪ್ಪಿದ್ದರೂ ಅಲ್ಲಿಂದ ಸೀಳು ಹಿಡಿಯುತ್ತದೆ. ಕರ್ನಲ್ ಮತ್ತು ಯೂಸರ್ ಮೆಮೊರಿಯ ಕೂಡುಗೆರೆಯೂ ಹೀಗೆಯೇ. ಆಪರೇಟಿಂಗ್ ಸಿಸ್ಟಮ್‌ನ ಗಟ್ಟಿತನ ನೋಡಬೇಕೆಂದರೆ ನಾನು ಮೊದಲು ನೋಡುವುದು ಅದನ್ನೇ.

ಈ ಗೆರೆಗೆ ತನ್ನದೇ ಚರಿತ್ರೆಯಿದೆ. 1975ರ ಯುನಿಕ್ಸ್ ಆರನೇ ಆವೃತ್ತಿಯಲ್ಲಿ ಫುಬೈಟ್, ಸುಬೈಟ್ ಎಂಬ ಪುಟ್ಟ ರೂಟೀನುಗಳಿದ್ದವು. ಪ್ರೋಗ್ರಾಮಿನ ಮೆಮೊರಿಯಿಂದ ಒಂದು ಬೈಟು ತರುವುದು, ಒಂದು ಬೈಟು ಇಡುವುದು. ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಬರೆದಾಗ ಇಂಟೆಲ್ 386ರ ಎಫ್‌ಎಸ್ ಎಂಬ ಸೆಗ್ಮೆಂಟ್ ರಿಜಿಸ್ಟರ್ ಮೂಲಕ ನಕಲು ನಡೆಯುತ್ತಿತ್ತು. ನಕಲಿಗೆ ಮುಂಚೆ ವೆರಿಫೈ-ಏರಿಯಾ ಎಂಬ ಫಂಕ್ಷನ್ನು ಪ್ರತಿಯೊಂದು ಪೇಜನ್ನೂ ಪರೀಕ್ಷಿಸಬೇಕಿತ್ತು. ಕೆಟ್ಟ ವಿಳಾಸ ಕೊಡುವ ಪ್ರೋಗ್ರಾಮು ಎಲ್ಲೋ ಒಂದು. ಆದರೆ ಪರೀಕ್ಷೆಯ ಖರ್ಚು ಎಲ್ಲರ ಮೇಲೂ ಬೀಳುತ್ತಿತ್ತು. 1996ರ ಸುಮಾರಿಗೆ ಲಿನಕ್ಸ್ 2.1ರ ಸರಣಿಯಲ್ಲಿ ಲಿನಸ್ ಇದನ್ನು ತಿರುಗಿಸಿಬಿಟ್ಟರು. ವಿಳಾಸ ಪ್ರೋಗ್ರಾಮಿನ ಪಾಲಿನ ಎಲ್ಲೆಯೊಳಗೆ ಇದೆಯೇ ಎಂದಷ್ಟೇ ಮೊದಲು ನೋಡುವುದು. ಅದಕ್ಕೆ ಒಂದು ಹೋಲಿಕೆ ಸಾಕು. ಮುಂದೆ ಸೀದಾ ನಕಲು ಶುರು. ಪೇಜು ಇಲ್ಲದಿದ್ದರೆ ಪ್ರೊಸೆಸರೇ ತಡೆದು ನಿಲ್ಲಿಸುತ್ತದೆ. ಆಗ ಕರ್ನಲ್ ಆ ಪೇಜನ್ನು ತರಿಸಿಕೊಡಲು ನೋಡುತ್ತದೆ. ತರಿಸಲು ಬಾರದ ವಿಳಾಸವಾದರೆ ಒಂದು ಪಟ್ಟಿ ತೆಗೆದು ನೋಡುತ್ತದೆ; ಎಡವಿದ ಈ ಇನ್‌ಸ್ಟ್ರಕ್ಷನ್ನು ಎಡವಲು ಅನುಮತಿ ಇರುವ ಜಾಗಗಳಲ್ಲಿ ಒಂದೇ? ಹೌದಾದರೆ ಮುಂದೆ ಎಲ್ಲಿಗೆ ಹೋಗಬೇಕೆಂದೂ ಅಲ್ಲೇ ಬರೆದಿರುತ್ತದೆ. ಯಂತ್ರ ಕುಸಿಯುವುದಿಲ್ಲ. ಪ್ರೋಗ್ರಾಮಿಗೆ ‘ಕೆಟ್ಟ ವಿಳಾಸ’ ಎಂಬ 14ನೇ ನಂಬರಿನ ದೋಷ ಮರಳುತ್ತದೆ.

ಈ ಫಂಕ್ಷನ್‌ಗಳ ಇನ್ನೊಂದು ಗುಣ ಹೊಸಬರನ್ನು ಗಲಿಬಿಲಿ ಮಾಡುತ್ತದೆ. ನಕಲು ಆದ ಬೈಟುಗಳ ಸಂಖ್ಯೆಯನ್ನು ಅವು ಹೇಳುವುದಿಲ್ಲ, ನಕಲು ಆಗದೆ ಉಳಿದವನ್ನು ಹೇಳುತ್ತವೆ. ಸೊನ್ನೆ ಬಂದರೆ ಎಲ್ಲ ಕ್ಷೇಮ. ಒಳಕ್ಕೆ ತರುವಾಗ ನಡುವೆ ನಿಂತುಹೋದರೆ, ಬಾಕಿ ಉಳಿದ ಜಾಗವನ್ನು ಕರ್ನಲ್ ಸೊನ್ನೆಗಳಿಂದ ತುಂಬುತ್ತದೆ. ಅಲ್ಲಿ ಮೊದಲು ಇದ್ದ ಯಾರದೋ ಮಾಹಿತಿ ಹೊಸ ಮಾಹಿತಿಯ ವೇಷದಲ್ಲಿ ಉಳಿಯಬಾರದು ಎಂಬ ಎಚ್ಚರ ಅದು. ಹೊರಕ್ಕೆ ಕೊಡುವಾಗ ಇಂಥದೇ ಅಪಾಯ ಬೇರೆ ರೂಪದಲ್ಲಿ ಕಾದಿರುತ್ತದೆ. 1 ಬೈಟಿನ ಒಂದು ಅಂಶ, ಅದರ ಮುಂದೆ 4 ಬೈಟಿನ ಇನ್ನೊಂದು ಅಂಶ ಇರುವ ರಚನೆಯಲ್ಲಿ ಕಂಪೈಲರು ನಡುವೆ 3 ಬೈಟು ಖಾಲಿ ಬಿಡುತ್ತದೆ. ಬರೆದವರು ಎರಡು ಅಂಶಗಳನ್ನು ತುಂಬುತ್ತಾರೆ, ಖಾಲಿಯನ್ನು ಮರೆಯುತ್ತಾರೆ. ಇಡೀ ರಚನೆ ಹೊರಗೆ ಹೋದಾಗ ಆ ಮೂರು ಬೈಟಿನಲ್ಲಿ ಕರ್ನಲ್‌ನ ಹಳೆಯ ಮಾಹಿತಿಯ ತುಣುಕೂ ಹೋಗುತ್ತದೆ. ಲಿನಕ್ಸ್‌ನಲ್ಲಿ ಈ ಬಗೆಯ ಸೋರಿಕೆಗಳನ್ನು ತಿದ್ದುತ್ತಲೇ ಬಂದಿದ್ದಾರೆ, ಇನ್ನೂ ತಿದ್ದುತ್ತಿದ್ದಾರೆ. ಮೂರು ಬೈಟು ಎಂದರೆ ಕಡಿಮೆಯಲ್ಲ; ಕನ್ನಡದ ಒಂದು ಅಕ್ಷರ ಅಷ್ಟೇ ಇರುತ್ತದೆ.

ಪರೀಕ್ಷೆಯನ್ನೇ ಮರೆತ ಪ್ರಸಂಗಗಳೂ ಇವೆ. 2010ರಲ್ಲಿ ಆರ್‌ಡಿಎಸ್ ಎಂಬ ನೆಟ್‌ವರ್ಕ್ ಪ್ರೋಟೋಕಾಲ್‌ನಲ್ಲಿ ವಿಳಾಸದ ಎಲ್ಲೆಯನ್ನು ನೋಡದೆ ನಕಲು ಮಾಡುತ್ತಿದ್ದುದನ್ನು ಡ್ಯಾನ್ ರೋಸನ್‌ಬರ್ಗ್ ಕಂಡುಹಿಡಿದರು. ಸಾಮಾನ್ಯ ಬಳಕೆದಾರ ರೂಟ್, ಅಂದರೆ ಯಂತ್ರದ ಪೂರ್ತಿ ಒಡೆಯ, ಆಗಿಬಿಡಬಹುದಿತ್ತು. ಎಆರ್‌ಎಂ ಪ್ರೊಸೆಸರ್‌ಗಳ ಕೆಲವು ಪೀಳಿಗೆಗಳಿಗೆ ಬರೆದ ಗೆಟ್-ಯೂಸರ್, ಪುಟ್-ಯೂಸರ್ ಫಂಕ್ಷನ್‌ಗಳಲ್ಲಿ ಇದೇ ತಪ್ಪು ಇತ್ತು. ಅದು 2013ರಲ್ಲಿ ಆಂಡ್ರಾಯ್ಡ್ ಫೋನುಗಳ ಮೇಲಿನ ದಾಳಿಗೆ ಬಳಕೆಯಾಯಿತು. 2017ರಲ್ಲಿ ಲಿನಕ್ಸ್ 4.13 ಬಿಡುಗಡೆಯಾದಾಗ ವೇಟ್-ಐಡಿ ಎಂಬ ಸಿಸ್ಟಮ್ ಕಾಲ್‌ನಲ್ಲಿ, ಅಂದರೆ ಪ್ರೋಗ್ರಾಮು ಕರ್ನಲ್ಲನ್ನು ಕರೆಯುವ ಒಂದು ಬಾಗಿಲಲ್ಲಿ, ಎಲ್ಲೆ ನೋಡುವ ಒಂದು ಸಾಲು ಬಿಟ್ಟುಹೋಗಿತ್ತು. ಒಂದೇ ಸಾಲು. ಅದರಿಂದ ಯಾವ ಪ್ರೋಗ್ರಾಮಾದರೂ ಕರ್ನಲ್‌ನ ಮೆಮೊರಿಗೆ ಬರೆಯಬಹುದಾಗಿತ್ತು. ಅಕ್ಟೋಬರ್‌ನಲ್ಲಿ ಅದನ್ನು ಸರಿಪಡಿಸಿದರು. ಮನುಷ್ಯರು ಮರೆಯುತ್ತಾರೆ ಎಂದು ಗೊತ್ತಾದ ಮೇಲೆ ಯಂತ್ರಾಂಶದಲ್ಲೇ ಕಾವಲು ಬಂದಿದೆ. ಇಂಟೆಲ್ 2014ರ ಬ್ರಾಡ್‌ವೆಲ್ ಪ್ರೊಸೆಸರ್‌ಗಳಿಂದ ಸ್ಮ್ಯಾಪ್ ಎಂಬ ಸೌಲಭ್ಯ ಕೊಟ್ಟಿತು. ಇದು ಚಾಲೂ ಇದ್ದಾಗ ಕರ್ನಲ್ ಯೂಸರ್ ಮೆಮೊರಿಯನ್ನು ಮುಟ್ಟಿದರೆ ಪ್ರೊಸೆಸರು ತಡೆಯುತ್ತದೆ. ನಕಲಿನ ಫಂಕ್ಷನ್ನು ಮಾತ್ರ ಒಂದು ಇನ್‌ಸ್ಟ್ರಕ್ಷನ್ನಿನಿಂದ ತಡೆ ತೆಗೆದು, ನಕಲು ಮುಗಿಸಿ, ಇನ್ನೊಂದರಿಂದ ತಡೆ ಹಾಕುತ್ತದೆ. ಲಿನಕ್ಸ್ 4.8ರಲ್ಲಿ, 2016ರಲ್ಲಿ, ಕೀಸ್ ಕುಕ್ ಅವರ ಶ್ರಮದಿಂದ ಇನ್ನೊಂದು ಪರೀಕ್ಷೆ ಸೇರಿತು: ನಕಲು ಮಾಡಬೇಕಾದ ಉದ್ದವು ಕರ್ನಲ್ ಬದಿಯ ವಸ್ತುವಿಗಿಂತ ಹೆಚ್ಚಿದ್ದರೆ ಅಲ್ಲೇ ನಿಲ್ಲಿಸುವುದು.

ನಕಲು ಎಂದರೆ ದಂಡದ ಕೆಲಸ, ಅದನ್ನು ತಪ್ಪಿಸಿದಷ್ಟೂ ವೇಗ ಎಂಬ ವಾದವೂ ಹಳೆಯದು. ಅದರಲ್ಲಿ ಸತ್ಯವಿದೆ. ದೊಡ್ಡ ವಿಡಿಯೋ ಕಡತವನ್ನು ಡಿಸ್ಕಿನಿಂದ ನೆಟ್‌ವರ್ಕಿಗೆ ಕಳಿಸುವಾಗ ಅದನ್ನು ಪ್ರೋಗ್ರಾಮಿಗೆ ನಕಲು ಮಾಡಿ, ಅಲ್ಲಿಂದ ಮತ್ತೆ ಕರ್ನಲ್‌ಗೆ ನಕಲು ಮಾಡುವುದು ವ್ಯರ್ಥ. ಅದಕ್ಕೇ 1999ರ ಲಿನಕ್ಸ್ 2.2ರಲ್ಲಿ ಸೆಂಡ್‌ಫೈಲ್, 2006ರಲ್ಲಿ ಸ್ಪ್ಲೈಸ್ ಬಂದವು. 2019ರಲ್ಲಿ ಯೆನ್ಸ್ ಆಕ್ಸ್‌ಬೋ ಅವರ ಐಒ-ಯೂರಿಂಗ್ ಬಂದು, ಕೋರಿಕೆ ಮತ್ತು ಉತ್ತರಗಳ ಸಾಲುಗಳನ್ನು ಎರಡೂ ಕಡೆಯವರು ಹಂಚಿಕೊಳ್ಳುವಂತಾಯಿತು. ಆದರೆ ಅಡ್ಡದಾರಿಗಳ ಬೆಲೆಯನ್ನೂ ಹೇಳಬೇಕು. ಸ್ಪ್ಲೈಸ್‌ನ ಸೋದರ ವಿಎಮ್‌ಸ್ಪ್ಲೈಸ್‌ನಲ್ಲಿ ವಿಳಾಸ ಪರೀಕ್ಷೆ ಇಲ್ಲದೆ 2008ರಲ್ಲಿ ದೊಡ್ಡ ಅನಾಹುತವಾಯಿತು. 2022ರ ಮಾರ್ಚ್‌ನಲ್ಲಿ ಮ್ಯಾಕ್ಸ್ ಕೆಲ್ಲರ್‌ಮನ್ ಬಯಲು ಮಾಡಿದ ಡರ್ಟಿ ಪೈಪ್ ಎಂಬ ದೋಷ ಕೂಡ ನಕಲಿಲ್ಲದೆ ಪೇಜುಗಳನ್ನು ಪ್ರೋಗ್ರಾಮುಗಳ ನಡುವಿನ ಪೈಪಿಗೆ ಸೇರಿಸುವ ಹಾದಿಯಲ್ಲೇ ಹುಟ್ಟಿದ್ದು. ಓದಲು ಮಾತ್ರ ಅನುಮತಿಯಿದ್ದ ಕಡತವನ್ನೂ ತಿದ್ದಬಹುದಾಗಿತ್ತು. ಆಗತಾನೇ ಮಾರುಕಟ್ಟೆಗೆ ಬಂದಿದ್ದ ಕೆಲವು ಆಂಡ್ರಾಯ್ಡ್ ಫೋನುಗಳಿಗೂ ಅದು ತಟ್ಟಿತು. ನನ್ನ ಅಭಿಪ್ರಾಯ ಸ್ಪಷ್ಟ: ಕೆಲವು ಸಾವಿರ ಬೈಟುಗಳ ಒಂದು ಪತ್ರಕ್ಕೆ, ಒಂದು ಅರ್ಜಿಗೆ, ಒಂದು ಕವಿತೆಗೆ ನಕಲೇ ಯೋಗ್ಯ. ಅದರ ಖರ್ಚು ಗಮನಕ್ಕೇ ಬಾರದಷ್ಟು ಕಡಿಮೆ, ಅದು ಕೊಡುವ ಭದ್ರತೆ ದೊಡ್ಡದು.

ಕರ್ನಾಟಕದ ಮಟ್ಟಿಗೆ ಈ ವಿಷಯದ ಹತ್ತಿರದ ಪ್ರಸಂಗ ಬೆಂಗಳೂರಿನದು. ಐಬಿಎಂ ಸಂಸ್ಥೆಯ ಬೆಂಗಳೂರಿನ ಪ್ರಯೋಗಾಲಯದಲ್ಲಿದ್ದ ಸುಪರ್ಣಾ ಭಟ್ಟಾಚಾರ್ಯ ಅವರು 2003ರಲ್ಲಿ ಒಟ್ಟಾವಾ ನಗರದ ಲಿನಕ್ಸ್ ಸಮ್ಮೇಳನದಲ್ಲಿ, ಸಂಗಡಿಗರೊಂದಿಗೆ, ಅಸಿಂಕ್ರನಸ್ ಐಒ ಬಗ್ಗೆ ಪ್ರಬಂಧ ಮಂಡಿಸಿದರು. ಪ್ರೋಗ್ರಾಮು ಕಡತ ಓದಲು ಹೇಳಿ ಕಾಯುತ್ತ ಕೂರದೆ ಬೇರೆ ಕೆಲಸಕ್ಕೆ ಹೋಗುತ್ತದೆ. ಮಾಹಿತಿ ಬಂದಾಗ ಕರ್ನಲ್‌ನ ಒಂದು ಸಹಾಯಕ ಥ್ರೆಡ್ಡು ಅದನ್ನು ಪ್ರೋಗ್ರಾಮಿನ ಬಫರಿಗೆ ನಕಲು ಮಾಡಬೇಕು. ತೊಡಕು ಇಲ್ಲೇ ಇದೆ. ಅದೇ ಒಂದು ವಿಳಾಸದ ಸಂಖ್ಯೆ ಪ್ರತಿಯೊಂದು ಪ್ರೋಗ್ರಾಮಿನಲ್ಲೂ ಬೇರೆ ಬೇರೆ ಜಾಗವನ್ನು ತೋರಿಸುತ್ತದೆ. ನಕಲು ಮಾಡುವ ಸಹಾಯಕನಿಗೆ ಸ್ವಂತ ಯೂಸರ್ ಮೆಮೊರಿಯೇ ಇಲ್ಲ. ಆದ್ದರಿಂದ ಅದು ಕೋರಿಕೆ ಕೊಟ್ಟ ಪ್ರೋಗ್ರಾಮಿನ ಮೆಮೊರಿ ನಕ್ಷೆಯನ್ನು ಆ ಹೊತ್ತಿಗೆ ಎರವಲು ಪಡೆದು, ನಕಲು ಮುಗಿಸಿ, ಹಿಂದಿರುಗಿಸಬೇಕು. ಅಂದಿನ ಆ ವ್ಯವಸ್ಥೆಯನ್ನು 2013ರಲ್ಲಿ ಲಿನಕ್ಸ್‌ನಿಂದ ತೆಗೆದರು. ಆದರೂ ಯಾರ ಪರವಾಗಿ ನಕಲು ಮಾಡುತ್ತಿದ್ದೇವೆ ಎಂಬ ಪ್ರಶ್ನೆ ಮಾತ್ರ ಅಸಿಂಕ್ರನಸ್ ಕೆಲಸ ಇರುವ ಕಡೆಯೆಲ್ಲ ಇದ್ದೇ ಇದೆ. ರಾಯಚೂರಿನಿಂದ ರೈಲು ಹತ್ತಿ ಹೋಗುವ ದೂರದ ಊರಿನಲ್ಲಿ ಈ ಮಟ್ಟದ ಕೆಲಸ ನಡೆದಿದೆ ಎಂಬುದನ್ನು ನಮ್ಮ ಮಕ್ಕಳಿಗೆ ಹೇಳಬೇಕು.

ಈಗ ಕನ್ನಡಕ್ಕೆ ಬರೋಣ. ಕರ್ನಲ್ ಭಾಷೆ ನೋಡುವುದಿಲ್ಲ, ಬೈಟು ಎಣಿಸುತ್ತದೆ ಎಂದೆ. ಎಣಿಕೆಯಲ್ಲಿ ಕನ್ನಡಕ್ಕೆ ಪೆಟ್ಟು ಬೀಳುವ ಜಾಗಗಳಿವೆ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟು, ನಮ್ಮ ಪ್ರತಿಯೊಂದು ಮೂಲಾಕ್ಷರ, ಗುಣಿತದ ಚಿಹ್ನೆ, ಅರ್ಧಾಕ್ಷರದ ಚಿಹ್ನೆಗೆ ಮೂರು ಮೂರು. ಲಿನಕ್ಸ್‌ನಲ್ಲಿ ಓಡುವ ಪ್ರೋಗ್ರಾಮಿಗೆ ಒಂದು ಹೆಸರಿಡಬಹುದು. ಅದನ್ನು ಇಡಲು ಕರ್ನಲ್‌ನಲ್ಲಿ 16 ಬೈಟಿನ ಜಾಗವಿದೆ. ಕೊನೆಯ ಒಂದು ಬೈಟು ಹೆಸರು ಮುಗಿಯಿತು ಎಂಬ ಗುರುತಿಗೆ. ಯೂಸರ್ ಮೆಮೊರಿಯಿಂದ ಹೆಸರನ್ನು ನಕಲು ಮಾಡುವ ಫಂಕ್ಷನ್ನು 15 ಬೈಟಿಗೆ ನಿಲ್ಲುತ್ತದೆ, ಯಾವ ದೂರೂ ಹೇಳುವುದಿಲ್ಲ. ಹದಿನೈದೆಂದರೆ ಕನ್ನಡದ ಐದು ಚಿಹ್ನೆ. ನಮ್ಮ ಕಡೆಯ ಊರಾದ ‘ಮಕ್ತಲ್’ ಎಂದು ಕೊಡಿ: ಮ, ಕ, ಅರ್ಧಾಕ್ಷರದ ಚಿಹ್ನೆ, ತ, ಲ, ಮತ್ತೆ ಅರ್ಧಾಕ್ಷರದ ಚಿಹ್ನೆ, ಒಟ್ಟು ಆರು, 18 ಬೈಟು. ಕೊನೆಯ ಚಿಹ್ನೆ ಉದುರಿ ಹೊರಗೆ ‘ಮಕ್ತಲ’ ಎಂದು ಕಾಣುತ್ತದೆ. ‘ಗದ್ವಾಲ’ ಕೊಟ್ಟರೆ ‘ಗದ್ವಾ’ ಉಳಿಯುತ್ತದೆ. ‘ನಾರಾಯಣಪೇಟೆ’ಯಲ್ಲಿ ಹತ್ತು ಚಿಹ್ನೆ, 30 ಬೈಟು, ಅದು ‘ನಾರಾಯ’ ಎಂಬಲ್ಲಿಗೆ ನಿಲ್ಲುತ್ತದೆ. ಇಂಗ್ಲಿಷಿನಲ್ಲಿ ನಾರಾಯಣಪೇಟ್ ಎಂದು ಬರೆದರೆ ಹನ್ನೊಂದೇ ಬೈಟು, ಪೂರ್ತಿ ಹಿಡಿಸುತ್ತದೆ.

ಕಡತದ ಹೆಸರಿಗೆ ಎಕ್ಸ್‌ಟಿ4 ಎಂಬ ಕಡತ ಪದ್ಧತಿಯಲ್ಲಿ 255 ಬೈಟಿನ ಮಿತಿ. ನಮಗೆ 85 ಚಿಹ್ನೆ. ಸಾಕಷ್ಟಾಯಿತು ಅನ್ನಬಹುದು, ಆದರೆ ಸರ್ಕಾರಿ ಸುತ್ತೋಲೆಯ ಪೂರ್ತಿ ವಿಷಯವನ್ನೇ ಕಡತದ ಹೆಸರಾಗಿ ಇಡುವವರಿಗೆ ಸಾಲದು. ಓದುವಾಗ ಇನ್ನೊಂದು ತೊಡಕು. ಪ್ರೋಗ್ರಾಮುಗಳು ಕಡತವನ್ನು 4096 ಬೈಟಿನ ಕಂತುಗಳಲ್ಲಿ ಓದುವುದು ಸಾಮಾನ್ಯ. 4096ನ್ನು ಮೂರರಿಂದ ಭಾಗಿಸಿದರೆ 1365, ಉಳಿಕೆ ಒಂದು. ಬಿಡುವಿಲ್ಲದೆ ಕನ್ನಡವೇ ಇರುವ ಕಡತವಾದರೆ 1366ನೆಯ ಅಕ್ಷರದ ಒಂದು ಬೈಟು ಈ ಕಂತಿನಲ್ಲಿ, ಎರಡು ಬೈಟು ಮುಂದಿನದರಲ್ಲಿ. ಕರ್ನಲ್ ಕೇಳಿದಷ್ಟನ್ನು ಕೊಟ್ಟಿದೆ, ಅದರ ತಪ್ಪಿಲ್ಲ. ಅರ್ಧ ಅಕ್ಷರವನ್ನು ಎತ್ತಿಟ್ಟುಕೊಂಡು ಮುಂದಿನ ಕಂತಿನ ಜೊತೆ ಕೂಡಿಸುವುದು ಪ್ರೋಗ್ರಾಮಿನ ಹೊಣೆ. ಇದನ್ನು ಮರೆತ ಪ್ರೋಗ್ರಾಮುಗಳಲ್ಲಿ ಉದ್ದದ ಕನ್ನಡ ಪಠ್ಯದ ನಡುವೆ ಅಲ್ಲಲ್ಲಿ ಕಪ್ಪು ವಜ್ರದೊಳಗಿನ ಪ್ರಶ್ನಾರ್ಥಕ ಚಿಹ್ನೆ ಕಾಣುತ್ತದೆ. ಇಂಗ್ಲಿಷಿನಲ್ಲಿ ಮಾತ್ರ ಪರೀಕ್ಷೆ ಮಾಡಿದವರಿಗೆ ಈ ತಪ್ಪು ಕಣ್ಣಿಗೇ ಬೀಳುವುದಿಲ್ಲ.

ಕರ್ನಲ್ ತಾನೇ ಅಕ್ಷರವನ್ನು ಅರ್ಥ ಮಾಡಲು ಹೋದ ಕಡೆಗಳಲ್ಲಿ ನಮ್ಮ ಗೋಳು ಹೆಚ್ಚು. ಪೆನ್‌ಡ್ರೈವ್‌ನ ವಿಫ್ಯಾಟ್ ಪದ್ಧತಿಯಲ್ಲಿ ಉದ್ದ ಹೆಸರುಗಳು ಯುಟಿಎಫ್-16ರಲ್ಲಿರುತ್ತವೆ. ಅವನ್ನು ಕರ್ನಲ್ಲೇ ಪರಿವರ್ತಿಸಿ ಕೊಡಬೇಕು. ಪಶ್ಚಿಮ ಯೂರೋಪಿನ ಅಕ್ಷರಗಳ ಕೋಷ್ಟಕದೊಂದಿಗೆ ಅದನ್ನು ಜೋಡಿಸಿದರೆ ಕನ್ನಡದ ಹೆಸರೆಲ್ಲ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗುತ್ತದೆ. ಯುಟಿಎಫ್-8 ಎಂದು ಹೇಳಿ ಜೋಡಿಸಿದರೆ ಸರಿಯಾಗುತ್ತದೆ. ಇನ್ನು ಕರ್ನಲ್‌ನದೇ ಆದ ಅಕ್ಷರ ಪರದೆ, ಅಂದರೆ ಗ್ರಾಫಿಕ್ಸ್ ಇಲ್ಲದ ಕನ್ಸೋಲು. ಅದರ ಫಾಂಟಿನಲ್ಲಿ ಹೆಚ್ಚೆಂದರೆ 512 ಆಕಾರಗಳು, ಒತ್ತಕ್ಷರ ಜೋಡಿಸುವ ಬುದ್ಧಿಯೇ ಅದಕ್ಕಿಲ್ಲ. ಅಲ್ಲಿ ಕನ್ನಡ ಸರಿಯಾಗಿ ಮೂಡುವುದಿಲ್ಲ. ಅದೇ ಯಂತ್ರದಲ್ಲಿ ಯೂಸರ್ ಸ್ಪೇಸ್‌ನ ಪ್ರೋಗ್ರಾಮುಗಳು ಕನ್ನಡವನ್ನು ಚೊಕ್ಕವಾಗಿ ಬರೆಯುತ್ತವೆ.

ಅಪರೂಪದ ಒಂದು ಸಂದರ್ಭದಲ್ಲಿ ಮಾತ್ರ ಕರ್ನಲ್‌ನ ಭಾಷಾಜ್ಞಾನ ನಮಗೆ ಒದಗಿದೆ. ‘ಪೇ’ಯಲ್ಲಿರುವ ಏತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿ ಇಡಬಹುದು, ಎತ್ವ ಮತ್ತು ದೀರ್ಘ ಎಂದು ಎರಡಾಗಿ ಬಿಡಿಸಿಯೂ ಇಡಬಹುದು. ಮ್ಯಾಕ್‌ನ ಹಳೆಯ ಕಡತ ಪದ್ಧತಿ ಬಿಡಿಸಿ ಇಡುತ್ತಿತ್ತು. ಹೀಗಾಗಿ ‘ನಾರಾಯಣಪೇಟೆ’ ಎಂಬ ಹೆಸರು 30 ಬೈಟು ಆಗಿರಬಹುದು, 33 ಕೂಡ ಆಗಿರಬಹುದು. ಸಾಮಾನ್ಯ ಎಕ್ಸ್‌ಟಿ4ನಲ್ಲಿ ಇವೆರಡೂ ಬೇರೆ ಬೇರೆ ಕಡತಗಳು. ಕಣ್ಣಿಗೆ ಮಾತ್ರ ಒಂದೇ. 2019ರ ಲಿನಕ್ಸ್ 5.2ರಿಂದ ಬೇಕೆನಿಸಿದ ಡೈರೆಕ್ಟರಿಗೆ ಒಂದು ಸೌಲಭ್ಯ ಹಾಕಿದರೆ ಕರ್ನಲ್ ಎರಡನ್ನೂ ಒಂದೇ ಎಂದು ಗುರುತಿಸುತ್ತದೆ. ಇಂಗ್ಲಿಷಿನ ದೊಡ್ಡಕ್ಷರ ಸಣ್ಣಕ್ಷರಗಳ ಭೇದ ನೋಡದಿರಲಿ ಎಂದು ಮಾಡಿದ ಸೌಲಭ್ಯ ಅದು. ನಮಗೆ ಆ ಭೇದವೇ ಇಲ್ಲ, ಆದರೂ ಪ್ರಯೋಜನ ಸಿಕ್ಕಿತು.

ಹೀಗೆ ನೋಡಿದಾಗ ನಾನು ಕೇಳಿದ ಪ್ರಶ್ನೆಗೆ ಉತ್ತರ ಸಿಗುತ್ತದೆ. ಕರ್ನಲ್‌ಗೆ ಆಡಳಿತ ಭಾಷೆ ಇಲ್ಲ. ಓದದೆ ನಕಲು ಮಾಡುವ ಜಾಗಗಳಲ್ಲಿ ಕನ್ನಡ ಯಾರ ಅಪ್ಪಣೆಯನ್ನೂ ಕೇಳದೆ ದಾಟುತ್ತದೆ, ತೆಲುಗೂ ದಾಟುತ್ತದೆ, ಲಿಪಿ ಇರುವ ಯಾವ ಸಣ್ಣ ಭಾಷೆಯಾದರೂ ದಾಟುತ್ತದೆ. ನಾಳೆ ಕನ್ನಡಕ್ಕೆ ಒಂದು ಹೊಸ ಚಿಹ್ನೆ ಯೂನಿಕೋಡ್‌ಗೆ ಸೇರಿದರೂ ಕಾಪಿ-ಫ್ರಮ್-ಯೂಸರ್‌ನಲ್ಲಿ ಒಂದಕ್ಷರ ಬದಲಾಯಿಸಬೇಕಿಲ್ಲ. ಕನ್ನಡಕ್ಕೆ ಆಗುವ ತೊಂದರೆಗಳಲ್ಲಿ ಬಹುಪಾಲು ಯೂಸರ್ ಸ್ಪೇಸ್‌ನಲ್ಲಿ ಆಗುವಂಥವು: ಬೈಟನ್ನೇ ಅಕ್ಷರ ಎಂದುಕೊಂಡ ಪ್ರೋಗ್ರಾಮು, ಇಪ್ಪತ್ತು ಬೈಟಿಗೆ ಕತ್ತರಿಸುವ ಅರ್ಜಿ, ಫಾಂಟು ಹಾಕದ ಪ್ರಿಂಟರು. ಅಲ್ಲಿ ತಿದ್ದಲು ಕರ್ನಲ್ ಪಂಡಿತರ ಅನುಮತಿ ಬೇಡ. ಸಾಮಾನ್ಯ ಪ್ರೋಗ್ರಾಮ್ ಬರೆಯಬಲ್ಲ, ಕನ್ನಡ ಬಲ್ಲ ಹುಡುಗ ಹುಡುಗಿಯರು ಸಾಕು.

ಆದ್ದರಿಂದ ಇಲ್ಲಿಯ ಗುರುಗಳಲ್ಲಿ ನನ್ನ ಬೇಡಿಕೆ. ಲಿನಕ್ಸ್‌ನ ಸೋರ್ಸ್ ಕೋಡು ಎಲ್ಲರಿಗೂ ತೆರೆದಿದೆ, ದುಡ್ಡು ಕೊಡಬೇಕಿಲ್ಲ. ಈ ನಕಲಿನ ಫಂಕ್ಷನ್‌ಗಳನ್ನು ಬರೆದಿರುವ ಕಡತ ಸಣ್ಣದು. ಸಿ ಭಾಷೆ ಕಲಿತ ಡಿಗ್ರಿ ವಿದ್ಯಾರ್ಥಿ ಒಂದು ಸಂಜೆಯಲ್ಲಿ ಓದಬಲ್ಲ. ಅದನ್ನು ತರಗತಿಯಲ್ಲಿ ಓದಿಸಿ, ಕನ್ನಡದಲ್ಲಿ ವಿವರಿಸಿ, ಪಾಯಿಂಟರು, ಪೇಜು, ಬಫರು ಎಂಬ ಮಾತುಗಳನ್ನು ಇದ್ದ ಹಾಗೇ ಇಟ್ಟುಕೊಳ್ಳಿ, ಅದಕ್ಕೆ ಸಂಕೋಚ ಬೇಡ. ವಿದ್ಯಾರ್ಥಿಗಳಿಗೆ ಹೇಳುವುದು ಇನ್ನೂ ಸುಲಭದ್ದು. ನಿಮ್ಮ ಕೈಗೆ ಬರುವ ಪ್ರತಿಯೊಂದು ಆ್ಯಪಿಗೂ ಪ್ರತಿಯೊಂದು ಅರ್ಜಿಗೂ ನಿಮ್ಮ ಊರಿನ ಹೆಸರನ್ನು ಕನ್ನಡದಲ್ಲಿ ಕೊಟ್ಟು ನೋಡಿ. ಒಂದು ಚಿಹ್ನೆ ಉದುರಿದರೂ ಎಲ್ಲಿ ಉದುರಿತು, ಎಷ್ಟನೆಯ ಬೈಟಿನಲ್ಲಿ ಎಂದು ಎಣಿಸಿ, ಮಾಡಿದವರಿಗೆ ಬರೆದು ತಿಳಿಸಿ. ಸೋರ್ಸ್ ಕೋಡು ತೆರೆದಿದ್ದರೆ ನೀವೇ ತಿದ್ದಿ ಕಳಿಸಿಕೊಡಿ.